ಗಾಳಿಗೊಂದು ಬೆಳಕಿನ ಹಾಳೆ

ಗಾಳಿ ಹೇಗೆ ಹರಿಯುತ್ತೆ ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ವಿಂಡ್ ಟನಲ್ ಲ್ಯಾಬುಗಳಲ್ಲಿ ಗಾಳಿಗೆ ಹೊಗೆ ಬೆರೆಸಿ, ಲೇಸರ್ ಕಿರಣವನ್ನು ಸಿಲಿಂಡರ್ ಆಕಾರದ ಮಸೂರದಿಂದ ತೆಳ್ಳನೆ ಹಾಳೆಯಂತೆ ಹರಡ್ತಾರೆ. ಹಾಳೆಯೊಳಗೆ ಬಂದ ಹೊಗೆ ಮಾತ್ರ ಹೊಳೆಯುತ್ತೆ. ಹರಿವನ್ನು ಚಾಕುವಿನಲ್ಲಿ ಸೀಳಿ ನೋಡಿದ ಹಾಗೆ. ಬೆಳಕಿಂಡಿಯ ಬಿಸಿಲುಕೋಲಲ್ಲಿ ಧೂಳು ಕುಣಿಯೋದನ್ನು ನೋಡುತ್ತಾ ಬೆಳೆದ ಹಳ್ಳಿಯವನಿಗೆ ಇದೇನು ಪೂರ್ತಿ ಹೊಸದಲ್ಲ ಬಿಡಿ.

ಈ ಉಪಾಯ ನನಗೆ ಬೇಕಾಗಿದ್ದು ಉರಿಗಾಂನಲ್ಲಿ, ಹೆಂಡತಿಯ ತವರುಮನೆಯಲ್ಲಿ. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಹಾಗೇ ನಿಂತಿವೆ. ಗಾಳಿ ಎದ್ದರೆ ಆ ಪುಡಿ ಮನೆಯೊಳಗೆ. ಗಣಿಯಲ್ಲಿ ದುಡಿದ ಮಾವನಿಗೆ ರಾತ್ರಿಯಿಡೀ ಕೆಮ್ಮು. "ಕಿಟಕಿ ಮುಚ್ಚಿದೀನಲ್ಲಪ್ಪ, ಧೂಳು ಎಲ್ಲಿಂದ ಬರುತ್ತೆ?" ಅನ್ನೋದು ಅವರ ವಾದ.

ಒಂದು ಸಂಜೆ ದೀಪ ಆರಿಸಿ, ಮೊಣಕಾಲ ಮಟ್ಟದಲ್ಲಿ ನೆಟ್ಟಗೆ ನಿಲ್ಲಿಸಿದ ಗಾಜಿನ ಕಡ್ಡಿಗೆ ಪ್ರೆಸೆಂಟೇಶನ್ ಲೇಸರ್ ಬಿಟ್ಟೆ. (ಯಾರೂ ಬಗ್ಗಿ ನೋಡಬಾರದು, ಕಣ್ಣಿನ ವಿಷಯದಲ್ಲಿ ತಮಾಷೆ ಬೇಡ.) ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದೆ. ಹೊಗೆ ಒಳಗೆ ನುಗ್ಗಿತು, ಬೀರುವಿನ ಅಂಚು ದಾಟಿತು, ಅದರ ಹಿಂದೆ ಸುಳಿಯಾಗಿ ಅಲ್ಲೇ ಸುತ್ತುತ್ತಾ ನಿಂತುಬಿಡ್ತು. ಬೀರುವಿನ ಹಿಂದೆ ಇರೋದು ಮಾವನ ಮಂಚ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೆಳಗೆ ಗಣಿಯಲ್ಲಿ ಯಾರೂ ನಮಗೆ ಹೀಗೆ ತೋರಿಸಲಿಲ್ಲ" ಅಂದರು.

ಸಂದಿಗೆ ರಬ್ಬರ್ ಪಟ್ಟಿ ಹೊಡೆದು, ಮಂಚ ಸರಿಸಿದ್ವಿ. ಒರೆಸಿದ ಬಟ್ಟೆಗೆ ಈಗ ಪುಡಿ ಕಡಿಮೆ. ಕೆಮ್ಮು ಇನ್ನೂ ಇದೆ.