ಚಕ್ರದಡಿಯ ಹಳೇ ಪೇಪರು

ಶನಿವಾರ ರಾತ್ರಿ ಊಟವಾದ ಮೇಲೆ ಅಪ್ಪ ಹಳೇ ‘ಪ್ರಜಾವಾಣಿ’ಯ ನಾಲ್ಕು ಹಾಳೆ ಆರಿಸಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ಫಿಯೆಟ್ಟಿನ ಒಂದೊಂದು ಚಕ್ರದ ಒಳಮಗ್ಗುಲಿಗೆ ಒಂದೊಂದು ಹಾಳೆ ಹಾಸಿ, ಹಾರಿಹೋಗದಂತೆ ಮೇಲೆ ಕಲ್ಲು ಹೇರಿ ಬಂದು ಮಲಗುವರು. ಬೆಳಿಗ್ಗೆ ಕಾಫಿಗೂ ಮೊದಲು ಆ ಹಾಳೆಗಳ ಮೇಲಿನ ಕಲೆ ಓದಬೇಕು. ಬೆರಳಿಗೆ ಹತ್ತಿದ ಜಿಡ್ಡನ್ನು ನಲ್ಲಿ ನೀರಿಗೆ ಹಿಡಿದಾಗ ತಟ್ಟನೆ ತೊಳೆದುಹೋದರೆ ಬ್ರೇಕ್ ಆಯಿಲ್. ತೊಳೆದರೂ ಬಿಡದೆ ಅಂಟಿಕೊಂಡರೆ ಬೇರೇನೋ. ಹೆಸರಿಗಷ್ಟೇ ಅದು ಆಯಿಲ್. ನೀರಿನಲ್ಲಿ ಕರಗುತ್ತದೆ, ಕಾರಿನ ಪೇಂಟ್ ಮೇಲೆ ಬಿದ್ದರೆ ಪೇಂಟನ್ನೇ ತಿಂದುಹಾಕುತ್ತದೆ.

ಯಲಹಂಕದಲ್ಲಿ ರೈಲ್ವೆಯ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಶುರುವಾದದ್ದು 1984ರಲ್ಲಿ. ಅಪ್ಪ ಅಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ರೈಲಿನ ಗಾಲಿ, ಭಾನುವಾರ ನಮ್ಮ ಗಾಲಿ. ಕಾರು ಪ್ರೀಮಿಯರ್ ಪದ್ಮಿನಿ, ಆದರೆ ಎಲ್ಲರ ಬಾಯಲ್ಲೂ ಫಿಯೆಟ್ಟೇ. ಕೆಎ ನಂಬರುಗಳು ಬರುವುದಕ್ಕೂ ಹಿಂದಿನದು, ಮೂರನೆಯ ಕೈ. ನ್ಯೂ ಟೌನಿನ ನಮ್ಮ ಮನೆಯ ಮುಂದೆ ಒಂದು ಕಾರು ನಿಂತು, ಸುತ್ತ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗವಿತ್ತು. ಇಡೀ ಕತೆಗೆ ಆ ಜಾಗವೇ ಆಧಾರ ಎಂದು ಆಗ ಯಾರಿಗೆ ಗೊತ್ತಿತ್ತು?

ಪೇಪರಿನ ಪರೀಕ್ಷೆ ಮುಗಿದ ಮೇಲೆ ಕಾಲಿನ ಪರೀಕ್ಷೆ. ಅಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದರು, ನನ್ನಿಂದಲೂ ಒತ್ತಿಸುತ್ತಿದ್ದರು. ಇಡ್ಲಿ ಒತ್ತಿದ ಹಾಗೆ ಮೆತ್ತಗೆ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಸಲ ಮೇಲೇ ಗಟ್ಟಿಯಾಗಿ ನಿಂತರೆ ಶೂ ಸವೆದು ಡ್ರಮ್ಮಿನಿಂದ ದೂರವಾಗಿದೆ, ಅಡ್ಜಸ್ಟ್ ಮಾಡಬೇಕು. ಒತ್ತಿ ಹಿಡಿದಿದ್ದಂತೆಯೇ ಪೆಡಲ್ ಕಳ್ಳನ ಹಾಗೆ ನಿಧಾನಕ್ಕೆ ಕೆಳಗಿಳಿದರೆ, ಹೊರಗೆ ಎಲ್ಲೂ ಹನಿ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆದರೆ ಬಲಗಡೆ ಕೆಲಸ ಮಾಡುತ್ತಿಲ್ಲ ಎಂದರ್ಥ. ಇದು ತಲೆಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು; ನಾನು ಎಡ ಚಕ್ರವನ್ನೇ ಬಿಚ್ಚಲು ಹೊರಡುತ್ತಿದ್ದೆ.

ಬಿಚ್ಚುವ ಮೊದಲು ಕಾಂಪೌಂಡಿಗೆ ತಂದು ಉಳಿದ ಸೈಜುಗಲ್ಲುಗಳು ಆಕ್ಸಲ್ ಕೆಳಗೆ ಹೋಗಬೇಕು. ಬರೀ ಜಾಕಿ ನಂಬಿ ಕಾರಿನಡಿ ತಲೆ ಇಡುವವನನ್ನು ಅಪ್ಪ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಒಮ್ಮೆ ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಚೆನ್ನಾಗಿ ತೊಳೆಯೋಣವೆಂದು ಪೆಟ್ರೋಲಿನ ಡಬ್ಬಿಗೆ ಹಾಕಿಬಿಟ್ಟೆ. ಪೆಟ್ರೋಲ್ ಕುಡಿದ ರಬ್ಬರು ಊದಿಕೊಂಡು ಮತ್ತೆ ಸಿಲಿಂಡರಿಗೆ ಇಳಿಯಲೇ ಇಲ್ಲ. ಅಪ್ಪ ಹೊಡೆಯಲಿಲ್ಲ. ಬಸ್ಸಿನ ದುಡ್ಡು ಕೊಟ್ಟು, ಊದಿದ ಕಪ್ಪನ್ನು ಪೊಟ್ಟಣ ಕಟ್ಟಿ, “ಜೆ.ಸಿ. ರೋಡಿಗೆ ಹೋಗು. ಏನಾಯ್ತು ಅಂತ ಅಂಗಡಿಯವರಿಗೆ ನೀನೇ ಹೇಳು” ಎಂದರು. ಅಂಗಡಿಯವರು ಕಪ್ಪನ್ನು ಹೆಬ್ಬೆರಳಲ್ಲಿ ಅಮುಕಿ, ನನ್ನ ಮುಖ ನೋಡಿ, ಕೇಳದೆಯೇ ನಕ್ಕರು. ಹೊಡೆದಿದ್ದರೇ ಚೆನ್ನಾಗಿತ್ತು.

ಎಲ್ಲ ಕೂಡಿಸಿದ ಮೇಲೆ ಗಾಳಿ ತೆಗೆಯುವುದು. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ನಾನು ಪೆಡಲ್ ಮೇಲೆ, ಅಪ್ಪ ಚಕ್ರದ ಹಿಂದೆ, ನಿಪ್ಪಲ್ಲಿಗೆ ಸಿಕ್ಕಿಸಿದ ಗ್ಲೂಕೋಸ್ ಟ್ಯೂಬಿನ ತುದಿ ಹಾರ್ಲಿಕ್ಸ್ ಬಾಟಲಿಯೊಳಗೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು. “ಒತ್ತು… ಒತ್ತು… ಹಿಡಿ.” ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತದೆ, ನನ್ನ ಕಾಲ ಕೆಳಗಿನ ಪೆಡಲ್ ಕುಸಿಯುತ್ತದೆ, ಬಾಟಲಿಯಲ್ಲಿ ಗುಳುಗುಳು. ಅವರು ಬಿಗಿ ಮಾಡಿ “ಬಿಡು” ಎನ್ನುವ ಮೊದಲೇ ಕಾಲು ತೆಗೆದರೆ ಹೋದ ಗಾಳಿಯೆಲ್ಲ ವಾಪಸ್ಸು. ಅಪ್ಪ ಕಾಣಿಸುತ್ತಿರಲಿಲ್ಲ, ದನಿ ಮಾತ್ರ. ಗುಳ್ಳೆ ನಿಂತಿದ್ದನ್ನು ಅವರು ಹೇಳುವ ಮೊದಲೇ ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು: ಪೆಡಲ್ ಮೇಲೇ ಗೋಡೆಯ ಹಾಗೆ ನಿಂತುಬಿಡುತ್ತಿತ್ತು. “ಬಂತಪ್ಪಾ” ಎಂದು ನಾನು ಕೂಗಿದರೆ ಆ ಕಡೆಯಿಂದ “ಹ್ಞೂಂ.” ಪಕ್ಕದ ಮನೆಯ ಎಚ್‌ಎಂಟಿ ಅಂಕಲ್ ಅಷ್ಟು ಹೊತ್ತಿಗೆ ಕಾಂಪೌಂಡಿನ ಮೇಲೆ ಕೈಯೂರಿ, “ಏನ್ರೀ, ಇನ್ನೂ ಒಂದು ಸಲ ನೋಡಿಬಿಡಿ” ಎಂದೇ ಎನ್ನುವರು. ಅಪ್ಪ ನೋಡಿಯೂ ನೋಡುವರು.

ಪರೀಕ್ಷೆ ನಂದಿ ಬೆಟ್ಟದಲ್ಲಿ. 1,478 ಮೀಟರ್ ಎತ್ತರ. ಹತ್ತುವುದು ಎಂಜಿನ್ನಿನ ಪಾಡು, ಇಳಿಯುವುದು ಬ್ರೇಕಿನ ಪಾಡು. ಒಂದು ವರ್ಷ ಆಯಿಲ್ ಬದಲಿಸದೆಯೇ ಹೋಗಿದ್ದೆವು. ಅರ್ಧ ಇಳಿಯುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ, ಪೆಡಲ್ ಮೆತ್ತಗೆ. ಅಪ್ಪ ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಹಿಡಿದು, ತಿರುವಿನ ಪಕ್ಕ ನಿಲ್ಲಿಸಿದರು. ಅಮ್ಮ ಚಕ್ರಕ್ಕೆ ನೀರು ಹುಯ್ಯಲು ಹೋದಾಗ ಡ್ರಮ್ ಸೀಳುತ್ತದೆಂದು ತಡೆದರು. ಚಿತ್ರಾನ್ನ ಅಲ್ಲೇ ಮುಗಿಯಿತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರುತ್ತ ಹಳತಾಗುತ್ತದೆ, ಹೊಸದರಲ್ಲಿ 200 ಡಿಗ್ರಿ ದಾಟಿದ ಮೇಲೆ ಕುದಿಯುವುದು ನೀರು ಸೇರಿದರೆ 140ರ ಹತ್ತಿರವೇ ಕುದಿಯುತ್ತದೆ, ಕುದಿದ ಆವಿ ಗಾಳಿಯಷ್ಟೇ ಮೋಸದ್ದು. ಇದೆಲ್ಲ ನನಗೆ ತಿಳಿದದ್ದು ಆ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತ.

ಹಳೆಯದೆಲ್ಲ ಬಂಗಾರ ಎನ್ನಲಾರೆ. ಆ ಕಾಲದ ಲೈನರುಗಳಲ್ಲಿ ಕಲ್ನಾರು ಸಾಮಾನ್ಯ; ಡ್ರಮ್ ಬಿಚ್ಚಿದೊಡನೆ ಅಪ್ಪ ಆ ಬೂದುಪುಡಿಯನ್ನು ಬಾಯಲ್ಲಿ ಊದಿ ಹಾರಿಸುತ್ತಿದ್ದರು, ನಾನು ಪಕ್ಕದಲ್ಲೇ. ಈಗ ನೆನೆದರೆ ಎದೆ ಬಿಗಿಯುತ್ತದೆ. ಮಳೆಯಲ್ಲಿ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಮುಂದಿನ ಬಸ್ಸು ಗಕ್ಕನೆ ನಿಂತರೆ ನನ್ನನ್ನು ಉಳಿಸುವುದು ಎಬಿಎಸ್ಸೇ ಹೊರತು ನೆನಪಲ್ಲ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಗಿದೆ, ಒಳ್ಳೆಯದೇ ಆಯಿತು. ಆದರೆ ನನ್ನ ಕಾರಿನ ಹಿಂದಿನ ಪ್ಯಾಡ್ ಬದಲಿಸಬೇಕೆಂದರೆ ಮೊದಲು ಕಂಪ್ಯೂಟರ್ ಸಿಕ್ಕಿಸಿ ಹ್ಯಾಂಡ್‌ಬ್ರೇಕಿನ ಮೋಟರನ್ನು ಹಿಂದಕ್ಕೆ ಸರಿಸಬೇಕು. ಏನಾದರೂ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ದೀಪ ಹತ್ತಿತೆಂದರೆ ಸರ್ವೀಸ್ ಸೆಂಟರ್, ಗಾಜಿನ ಆಚೆ ಸೋಫಾ, ಮಷಿನ್ ಕಾಫಿ. ನನ್ನ ಮಗಳು ಕಾರು ನನಗಿಂತ ಚೆನ್ನಾಗಿ ಓಡಿಸುತ್ತಾಳೆ, ಪೆಡಲ್ ಮೆತ್ತಗಿದೆಯಾ ಎಂದು ಕೇಳಿದರೆ, “ಮೆತ್ತಗೆ ಅಂದ್ರೆ ಹೇಗಪ್ಪಾ?” ಎನ್ನುತ್ತಾಳೆ. ಇಡ್ಲಿಯ ಹೋಲಿಕೆ ಕೊಟ್ಟೆ. ನಕ್ಕಳು.

ನ್ಯೂ ಟೌನಿನ ಆ ಮನೆ ಈಗ ನಾಲ್ಕು ಅಂತಸ್ತಾಗಿದೆ, ಅಂಗಳವಿದ್ದಲ್ಲಿ ಲಿಫ್ಟು. ನಾವಿರುವುದು ಜಕ್ಕೂರಿನ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಬೇಸ್‌ಮೆಂಟಿನ ಕಂಬಕ್ಕೆ ಬೋರ್ಡಿದೆ: ಇಲ್ಲಿ ವಾಹನ ರಿಪೇರಿ ಮಾಡಬಾರದು. ಹೋದ ತಿಂಗಳು ಅಪ್ಪ ಬಂದು ಉಳಿದಿದ್ದರು. ರಾತ್ರಿ ಊಟವಾದ ಮೇಲೆ ಒಬ್ಬರೇ ಲಿಫ್ಟಿನಲ್ಲಿ ಕೆಳಗೆ ಹೋಗಿ ಬಂದರು, ವಾಕಿಂಗ್ ಇರಬೇಕೆಂದುಕೊಂಡೆ.

ಬೆಳಿಗ್ಗೆ ಇಬ್ಬರೂ ಕೆಳಗಿಳಿದಾಗ ಸೆಕ್ಯೂರಿಟಿ ಹುಡುಗ ಎದ್ದು ನಿಂತ. “ಸಾರ್, ನಿಮ್ಮ ಗಾಡಿ ಕೆಳಗೆ ಯಾರೋ ಪೇಪರ್ ಹಾಕಿಬಿಟ್ಟಿದ್ರು. ನಾಲ್ಕೂ ತೆಗೆದು ಡಸ್ಟ್‌ಬಿನ್‌ಗೆ ಹಾಕಿದೀನಿ.”

ಅಪ್ಪ ಅವನ ಹತ್ತಿರಕ್ಕೆ ಹೋದರು. “ತೆಗೆಯುವಾಗ ನೋಡಿದೆಯೇನಪ್ಪಾ, ಒದ್ದೆ ಏನಾದರೂ ಇತ್ತಾ?”