ವೆಲ್ಲೂರಿನ ಬಾಗಾಯಂನಲ್ಲಿ ಎಂಟು ವಾರ

ತಿರುಪತಿಗೆ ಹೊರಟೆವು ಎಂದರೆ "ನಮ್ಮ ಹೆಸರಲ್ಲೂ ಒಂದು ಕಾಣಿಕೆ ಹಾಕಿ" ಎನ್ನುವ ನೆರೆಹೊರೆಯವರು, ವೆಲ್ಲೂರಿಗೆ ಹೊರಟೆವು ಎಂದರೆ "ಅಯ್ಯೋ, ಯಾರಿಗೆ ಏನಾಯ್ತು?" ಎನ್ನುತ್ತಾರೆ. ನೋಡಲು ಕೋಟೆಯಿದೆ, ದೇವಸ್ಥಾನವಿದೆ, ಸುತ್ತಲೂ ಬಂಡೆಗುಡ್ಡಗಳಿವೆ. ಆದರೂ ಆ ಊರಿಗೆ ಸುಮ್ಮನೆ ಹೋಗುವವರು ಕಡಿಮೆ. ನಾನೂ ಸುಮ್ಮನೆ ಹೋದವಳಲ್ಲ. 2017ರಲ್ಲಿ ನನ್ನ ತಮ್ಮನನ್ನು ಕರೆದುಕೊಂಡು ಹೋದೆ. ಅಲ್ಲಿ ನಾನು ಕಂಡದ್ದನ್ನು, ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮದು ತಿಪಟೂರಿನ ಕಡೆ. ತೆಂಗಿನ ಸೀಮೆ ಎಂದು ನಿಮಗೆ ಗೊತ್ತೇ ಇದೆ. ಆ ವರ್ಷದ ಬೇಸಿಗೆಯಲ್ಲಿ ಕಾಯಿ ಕೀಳುವ ಆಳು ಬರಲಿಲ್ಲವೆಂದು ತಮ್ಮ ತಾನೇ ಮರ ಹತ್ತಿದ. ಬಿದ್ದ. "ಅಕ್ಕಾ, ಕಾಲು ಎಲ್ಲಿದೆ ಅಂತ ಗೊತ್ತಾಗ್ತಾ ಇಲ್ಲ" ಎಂದನಂತೆ. ಓಡಿ ಬಂದವರು ಗಾಬರಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಿ, ಆಟೋದಲ್ಲಿ ಕೂರಿಸಿಕೊಂಡು ಹೋದರು. ಯಾರನ್ನು ದೂರಲಿ? ಹಾಗೆ ಎತ್ತಬಾರದೆಂದು ನಮಗಾರಿಗೂ ಗೊತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಬೆನ್ನುಮೂಳೆಗೆ ಕಂಬಿ ಹಾಕಿ, ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಮುಂದೆ ಹೇಗೆ ನೋಡಿಕೊಳ್ಳಬೇಕೆಂದು ಒಬ್ಬರೂ ಹೇಳಲಿಲ್ಲ. ಮನೆಯಲ್ಲಿ ನಾಲ್ಕು ತಿಂಗಳು ಮಲಗಿದ್ದಲ್ಲೇ ಮಲಗಿ, ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣಾಯಿತು. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೇ ಇರದಿದ್ದುದರಿಂದ ಅವನಿಗೆ ಅದು ತಿಳಿಯಲೇ ಇಲ್ಲ. ಹಾಸಿಗೆಯ ಬಟ್ಟೆ ಬದಲಿಸುವಾಗ ಅವನ ಹೆಂಡತಿ ನೋಡಿ ಕಿರುಚಿಕೊಂಡಳು.

ಆಗ ಯಾರೋ ಪುಣ್ಯಾತ್ಮರು "ವೆಲ್ಲೂರಿಗೆ ಕರ್ಕೊಂಡು ಹೋಗಿ" ಎಂದರು.

ವ್ಯಾನಿನಲ್ಲಿ ಹಲಗೆ ಹಾಕಿ, ಅದರ ಮೇಲೆ ಹಾಸಿಗೆ ಹಾಸಿ ಹೊರಟೆವು. ಬೆಂಗಳೂರಿನಿಂದ ಮುಂದೆ ಇನ್ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ. ಕೋಲಾರ ದಾಟಿ ಮುಳಬಾಗಿಲಿನಲ್ಲಿ ಆಂಜನೇಯನಿಗೆ ವ್ಯಾನಿನಿಂದಲೇ ಕೈ ಮುಗಿದೆ. ನಂಗಲಿ ಕಳೆದರೆ ಆಂಧ್ರ, ಪಲಮನೇರು ದಾಟಿದ ಮೇಲೆ ಘಾಟಿ ಇಳಿಜಾರು, ಆಮೇಲೆ ಚಿತ್ತೂರು. ಇಳಿಯುತ್ತಿದ್ದ ಹಾಗೆ ಗಾಳಿ ಬಿಸಿಯಾಗುತ್ತದೆ. ಕಾಟ್ಪಾಡಿ ಬಂದಮೇಲೆ ಪಾಲಾರ್ ನದಿಯ ಉದ್ದ ಸೇತುವೆ. ಕೆಳಗೆ ನೀರಿಗಿಂತ ಮರಳೇ ಹೆಚ್ಚು. ರೈಲಿನಲ್ಲಿ ಬರುವವರೂ ಕಾಟ್ಪಾಡಿಯಲ್ಲೇ ಇಳಿಯಬೇಕು.

ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಊರ ನಡುವೆ ಇದೆ. 1900ರಲ್ಲಿ ಐಡಾ ಸ್ಕಡರ್ ಎಂಬ ಡಾಕ್ಟರಮ್ಮ ಒಂದೇ ಹಾಸಿಗೆಯಿಂದ ಶುರು ಮಾಡಿದ್ದು. 1918ರಲ್ಲಿ ಹೆಂಗಸರಿಗಾಗಿಯೇ ವೈದ್ಯಶಾಲೆ ತೆರೆದರು. ಆಸುಪಾಸಿನ ಬೀದಿಗಳಲ್ಲಿ ಬಂಗಾಳಿ, ಹಿಂದಿ, ತೆಲುಗು ಎಲ್ಲ ಕೇಳಿಸುತ್ತದೆ. ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಬಾಡಿಗೆ ಕೋಣೆಗಳು ಸಿಗುತ್ತವೆ. ನಾನು ಹುರಿಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿಯ ಮುಳ್ಳುಬದನೆ ಬಹಳ ರುಚಿ. ತೊಟ್ಟಿನ ತುಂಬ ಮುಳ್ಳು, ಹೆಚ್ಚುವಾಗ ಹುಷಾರಾಗಿರಬೇಕು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ನಮ್ಮ ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗಿದೆ.

ಬೆನ್ನುಹುರಿ ಪೆಟ್ಟಾದವರಿಗೆ ಬದುಕು ಕಲಿಸುವ ಕೇಂದ್ರ ಊರೊಳಗಿಲ್ಲ. ಆರಣಿ ರಸ್ತೆಯಲ್ಲಿ ಆರೇಳು ಕಿಲೋಮೀಟರು ಹೋದರೆ ಬಾಗಾಯಂ, ಅಲ್ಲಿದೆ. ಮರಗಳು, ಹಿಂದೆ ಗುಡ್ಡ, ಪೇಟೆಯ ಗದ್ದಲವಿಲ್ಲ. ಮೊದಲ ದಿನ ನನಗೆ ಕಂಡ ಆಶ್ಚರ್ಯವೆಂದರೆ, ರೋಗಿಗಳು ಮಲಗಿರಲಿಲ್ಲ! ಗಾಲಿಕುರ್ಚಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು, ಚೆಂಡು ಎಸೆಯುತ್ತಿದ್ದರು, ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು.

ತಮ್ಮ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಆ ನಾಲ್ಕೈದು ತಿಂಗಳೂ ದಿನಾ ಬೆಳಿಗ್ಗೆ ಎದ್ದು ಅವನಿಗೆ ನಾನು ಹೇಳುತ್ತಿದ್ದ ಮಾತು ಒಂದೇ. "ಮನಸ್ಸು ಗಟ್ಟಿ ಮಾಡ್ಕೊಳೋ. ಮನಸ್ಸು ಮಾಡಿದ್ರೆ ಎದ್ದು ಓಡಾಡ್ತೀಯ." ಒಳ್ಳೆಯದಕ್ಕೇ ಹೇಳುತ್ತಿದ್ದೆ. ಬಾಗಾಯಂನಲ್ಲೂ ಎರಡನೇ ದಿನ ಅದನ್ನೇ ಹೇಳಿದೆ. ಅವನು ತಿರುಗಿ ನೋಡಿದ.

"ಅಕ್ಕಾ, ದಿನಾ ಇದನ್ನೇ ಹೇಳ್ತೀಯಲ್ಲ. ಹಂಗಾದ್ರೆ ಕಾಲು ಬರದೇ ಇರೋದು ನನ್ನ ತಪ್ಪಾ? ನಾನು ಮನಸ್ಸು ಮಾಡ್ತಾ ಇಲ್ಲ ಅಂತಾನಾ?"

ನನಗೆ ಬಾಯಿ ಕಟ್ಟಿಹೋಯಿತು. ಹೊರಗೆ ಬಂದು ಮರದ ಕೆಳಗೆ ಕೂತು ಅತ್ತೆ.

ಅಲ್ಲಿಯ ಡಾಕ್ಟರಮ್ಮ ನನ್ನನ್ನು, ತಮ್ಮನ ಹೆಂಡತಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೆನ್ನುಮೂಳೆಯೊಳಗೆ ಕಿರುಬೆರಳಿನ ದಪ್ಪದ ನರದ ಹುರಿಯಿದೆ. ಮಿದುಳಿನ ಅಪ್ಪಣೆ ಕಾಲಿಗೆ ಹೋಗುವುದು, ಕಾಲಿನ ಸುದ್ದಿ ಮಿದುಳಿಗೆ ಬರುವುದು ಅದರಲ್ಲೇ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಕೂಡುತ್ತದೆ, ಈ ಹುರಿ ಹಾಗೆ ಕೂಡುವುದಿಲ್ಲ. ಪೆಟ್ಟು ಅರೆಬರೆಯಾಗಿದ್ದರೆ ಸ್ವಲ್ಪವೋ ಬಹಳವೋ ಶಕ್ತಿ ಮರಳುವುದುಂಟು. ಪೂರ್ತಿ ಆಗಿದ್ದರೆ ನಡಿಗೆ ಮರಳುವುದು ಬಹಳ ಅಪರೂಪ. ಅದು ಪೆಟ್ಟಿನ ಲೆಕ್ಕ, ಮನಸ್ಸಿನ ಲೆಕ್ಕವಲ್ಲ. ತಮ್ಮನದು ಪೂರ್ತಿ ಪೆಟ್ಟು.

"ಹಾಗಾದ್ರೆ ಮನಸ್ಸಿಗೆ ಇಲ್ಲಿ ಕೆಲಸವೇ ಇಲ್ವಾ ಡಾಕ್ಟ್ರೇ?" ಎಂದೆ.

"ಯಾಕಿಲ್ಲಮ್ಮ? ಕೆಲಸ ಶುರು ಆಗೋದೇ ಈಗ" ಎಂದರು.

ಆ ಕೇಂದ್ರ ಹುಟ್ಟಿದ ಕಥೆ ಕೇಳಿದಾಗ ಆ ಮಾತಿನ ಅರ್ಥವಾಯಿತು. ಇಂದು ಅದಕ್ಕೆ ಮೇರಿ ವರ್ಗೀಸ್ ಅವರ ಹೆಸರಿದೆ. 1925ರಲ್ಲಿ ಕೇರಳದಲ್ಲಿ ಹುಟ್ಟಿ, ವೆಲ್ಲೂರಿನಲ್ಲೇ ಓದಿ ಡಾಕ್ಟರಾದವರು. ಹೆರಿಗೆ ಮತ್ತು ಸ್ತ್ರೀರೋಗದ ವೈದ್ಯೆಯಾಗಬೇಕೆಂದಿದ್ದರು. 1954ರ ಜನವರಿಯಲ್ಲಿ ಜೊತೆಯವರೊಂದಿಗೆ ವಿಹಾರಕ್ಕೆ ಹೊರಟಾಗ ಗಾಡಿ ಉರುಳಿ, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವಯಸ್ಸು ಮೂವತ್ತೂ ಆಗಿರಲಿಲ್ಲ. ನಿಂತು ಹೆರಿಗೆ ಮಾಡಿಸುವ ಆಸೆ ಅಲ್ಲಿಗೇ ಮುಗಿಯಿತು. ಆಗ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಮುರುಟಿದ ಕೈಗಳ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲ ಎಂಬ ದಾರಿ ತೋರಿಸಿದರು. ಮೇರಿಯವರು ಗಾಲಿಕುರ್ಚಿಯಲ್ಲಿ ಕೂತೇ ಆ ಚಿಕಿತ್ಸೆ ಮಾಡಿದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ತಾವೇ ತರಬೇತಿ ಪಡೆದರು. ನ್ಯೂಯಾರ್ಕಿನಲ್ಲಿ ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯ ಕಲಿತರು. ಮರಳಿ ಬಂದು ವೆಲ್ಲೂರಿನಲ್ಲಿ ಅದಕ್ಕಾಗಿಯೇ ಒಂದು ವಿಭಾಗ ಕಟ್ಟಿದರು. 1966ರಲ್ಲಿ ಬಾಗಾಯಂನ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಸೋದರಿಯರೇ, ಆ ತಾಯಿ ಕೊನೆಯವರೆಗೂ ನಡೆಯಲಿಲ್ಲ ಎಂಬುದನ್ನು ಗಮನಿಸಿ. ಅವರ ಮನಸ್ಸು ಗಟ್ಟಿಯಿರಲಿಲ್ಲ ಎಂದು ಯಾರಾದರೂ ಹೇಳುವ ಹಾಗಿದೆಯೇ?

ತಮ್ಮನನ್ನು ಗೋಡೆಯ ಕಡೆಯಿಂದ ಈಚೆ ತಿರುಗಿಸಿದ್ದು ಮಾತ್ರ ಡಾಕ್ಟರೂ ಅಲ್ಲ, ನಾನೂ ಅಲ್ಲ. ಕುಪ್ಪಂ ಕಡೆಯ ಒಬ್ಬ ಲಾರಿ ಡ್ರೈವರ್. ಅಪಘಾತವಾಗಿ ಐದು ವರ್ಷ ಕಳೆದು, ತಪಾಸಣೆಗೆಂದು ಬಂದಿದ್ದ. ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ, "ನೋಡಪ್ಪ, ಮೊದಲ ಎರಡು ವರ್ಷ ನಾನು ಕಾಲನ್ನೇ ನೋಡ್ತಾ ಕೂತಿದ್ದೆ. ಕಾಲು ಒಂದು ದಿನಾನೂ ನನ್ನ ಕಡೆ ನೋಡ್ಲಿಲ್ಲ. ಆಮೇಲೆ ಕೈ ನೋಡ್ಕೊಂಡೆ."

ತಮ್ಮ ನಕ್ಕ. ಬಿದ್ದ ದಿನದಿಂದ ಅವನು ನಕ್ಕದ್ದು ಅದೇ ಮೊದಲು.

ಮೊದಲು ಹುಣ್ಣು ಮಾಯಬೇಕಿತ್ತು. ಆಮೇಲೆ ಪಾಠಗಳು. ತಿಂಗಳುಗಟ್ಟಲೆ ಮಲಗಿದ್ದವನನ್ನು ಎತ್ತಿ ಕೂರಿಸಿದರೆ ತಲೆ ಸುತ್ತುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವಾಗಿ ಕೂರಿಸಿದರು. ಮಂಚಕ್ಕೂ ಕುರ್ಚಿಗೂ ನಡುವೆ ನುಣುಪಾದ ಹಲಗೆ ಇಟ್ಟು ಜಾರುವುದನ್ನು ಹೇಳಿಕೊಟ್ಟರು. ಮೂರನೇ ವಾರ, ಯಾರ ಕೈಯೂ ಇಲ್ಲದೆ ಅವನು ಮಂಚದಿಂದ ಕುರ್ಚಿಗೆ ಜಾರಿ ಕೂತ. ಮೈಯೆಲ್ಲ ಬೆವರು. ಕಾಲಿಗೆ ಕ್ಯಾಲಿಪರ್ ಕಟ್ಟಿ, ಎರಡು ಕಂಬಿಗಳ ನಡುವೆ ನಿಲ್ಲಿಸಿದರು. ಮೂತ್ರದ ಚೀಲ ತೆಗೆದು, ನಾಲ್ಕೈದು ಗಂಟೆಗೊಮ್ಮೆ ಶುಚಿಯಾಗಿ ಕೊಳವೆ ಹಾಕಿಕೊಂಡು ತಾನೇ ಮೂತ್ರ ತೆಗೆಯುವುದನ್ನು ಕಲಿಸಿದರು. ಇದನ್ನು ಬರೆಯಲು ಸಂಕೋಚವೇನೋ ಆಗುತ್ತದೆ. ಆದರೆ ಅವನ ಮಾನ ಅವನಿಗೆ ಮರಳಿ ಬಂದದ್ದು ಕಾಲಿನಿಂದಲ್ಲ, ಈ ಕೆಲಸದಿಂದಲೇ.

ಎಲ್ಲ ದಿನವೂ ಒಂದೇ ಸಮ ಇರುತ್ತಿರಲಿಲ್ಲ ಬಿಡಿ. ಕೆಲವು ದಿನ ತಟ್ಟೆ ಎಸೆಯುತ್ತಿದ್ದ, ಕೆಲವು ದಿನ ಮಾತೇ ಇಲ್ಲ. ಅದೂ ಇರತಕ್ಕದ್ದೇ ಎಂದರು ಅಲ್ಲಿಯವರು. ಕಳೆದುಕೊಂಡದ್ದಕ್ಕೆ ಅಳಲು ಬಿಡಬೇಕಂತೆ. ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಹಾಗೇ ಇದ್ದರೆ ಅದಕ್ಕೂ ಮದ್ದಿದೆ, ಕೇಳಲು ನಾಚಬಾರದು.

ಮನಸ್ಸಿನ ಪಾಠ ಅವನೊಬ್ಬನಿಗೇ ಅಲ್ಲ. ಊರಿನಿಂದ ನೆಂಟರೊಬ್ಬರು ನೋಡಲು ಬಂದು, ತಮ್ಮನ ಹೆಂಡತಿಯ ಎದುರಿಗೇ "ಇನ್ನೂ ಚಿಕ್ಕ ವಯಸ್ಸು, ತೌರಿಗೆ ಹೋಗಿ ಇರಬಾರದೇ" ಎಂದರು. ಆ ಹುಡುಗಿ ಏನೂ ಹೇಳಲಿಲ್ಲ. ಅವತ್ತು ಸಂಜೆ ನನ್ನನ್ನು ಕೋಟೆಗೆ ಕರೆದುಕೊಂಡು ಹೋದಳು. ವಿಜಯನಗರದ ಕಾಲದ ಕಲ್ಲುಕೋಟೆ, ಸುತ್ತ ನೀರು ತುಂಬಿದ ಅಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಟಿಪ್ಪುವಿನ ಮಕ್ಕಳು, ಹೆಂಗಸರನ್ನೆಲ್ಲ ತಂದು ಇಟ್ಟದ್ದು ಇಲ್ಲೇ. ಒಳಗೆ ಜಲಕಂಠೇಶ್ವರನ ಗುಡಿ. ಬಹುಕಾಲ ಪೂಜೆಯಿಲ್ಲದೆ ಬರಿದಾಗಿತ್ತಂತೆ, 1981ರಲ್ಲಿ ಮತ್ತೆ ಲಿಂಗ ಬಂತು. ಮಂಟಪದಲ್ಲಿ ಕೂತು ಅವಳು ಹೇಳಿದಳು, "ಅತ್ತಿಗೆ, ನಾನು ಹೋಗೋದಿಲ್ಲ. ಆದ್ರೆ ಅವರನ್ನ ಮಗು ಥರ ನೋಡ್ಕೋ ಅಂತ ಯಾರೂ ನನಗೆ ಹೇಳ್ಬೇಡಿ. ನನಗೆ ಮಗು ಒಂದಿದೆ. ಗಂಡ ಬೇಕು." ಆಮೇಲೆ ನಾನು ಅವನಿಗೆ ತುತ್ತು ಕಲಸಿ ಕೊಡುವುದನ್ನು ಬಿಟ್ಟೆ.

ಎಂಟು ವಾರ ಕಳೆದು ಊರಿಗೆ ಬಂದೆವು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಹೀಗಾಗದಿರಲಿ. ಆದರೂ ಅಲ್ಲಿ ಕಲಿತ ಕೆಲವು ಮಾತು ಹೇಳಿಬಿಡುತ್ತೇನೆ, ನೆನಪಿರಲಿ.

ಎತ್ತರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ. ಕತ್ತು, ಬೆನ್ನು ಬಾಗದಂತೆ, ನಾಲ್ಕೈದು ಜನ ಸೇರಿ ಒಂದೇ ಸಮನಾಗಿ ಹಲಗೆಯ ಮೇಲೆ ಮಲಗಿಸಿ ಸಾಗಿಸಿ. 108ಕ್ಕೆ ಫೋನು ಮಾಡಿ.

ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ, ರಾತ್ರಿಯೂ ಬದಲಿಸಿ. ಕುರ್ಚಿಯಲ್ಲಿ ಕೂತವರು ಕಾಲು ಗಂಟೆಗೊಮ್ಮೆ ಕೈಯೂರಿ ಮೈ ಎತ್ತಿ ಇಳಿಸಬೇಕು. ದಿನಾ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಗಾಗಿದೆಯೇ ನೋಡಿ.

ಬಿಸಿ ತಟ್ಟೆ, ಕಾಫಿ ಲೋಟ ತೊಡೆಯ ಮೇಲೆ ಇಡಬೇಡಿ. ಒಮ್ಮೆ ನಾನೇ ಬಿಸಿ ಮುದ್ದೆಯ ತಟ್ಟೆ ಇಟ್ಟು, ಅವನಿಗೂ ಗೊತ್ತಾಗದೆ ಬೊಬ್ಬೆ ಎದ್ದಿತ್ತು.

ಮನೆಯ ಹೊಸ್ತಿಲು, ಬಚ್ಚಲ ಬಾಗಿಲು ಗಾಲಿಕುರ್ಚಿಗೆ ದಾರಿ ಕೊಡುತ್ತವೆಯೇ ಅಳತೆ ಮಾಡಿ. ನಾವು ಜಗಲಿಯ ಮೆಟ್ಟಿಲಿಗೆ ಕಲ್ಲುಚಪ್ಪಡಿ ಹಾಸಿ ಇಳಿಜಾರು ಮಾಡಿಸಿದೆವು. ಅಂಗವಿಕಲರ ಗುರುತಿನ ಚೀಟಿಯನ್ನು ತಪ್ಪದೆ ಮಾಡಿಸಿ.

ತಮ್ಮ ಈಗ ಮನೆಯ ಮುಂದೆಯೇ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ತಕ್ಕಡಿಯ ಎದುರು ಅವನಿರುತ್ತಾನೆ, ಲೆಕ್ಕ ಹೆಂಡತಿಯದು. ಮಗಳು ಶಾಲೆಯಿಂದ ಬಂದವಳೇ ಕುರ್ಚಿಯ ಹಿಂದೆ ಹತ್ತಿ ನಿಲ್ಲುತ್ತಾಳೆ. ಮರ ಹತ್ತುವ ಆಳು ಬಂದಾಗ ಮಾತ್ರ ಅವನು ಒಳಗೆ ಹೋಗಿಬಿಡುತ್ತಾನೆ. ಅದಿನ್ನೂ ಹೋಗಿಲ್ಲ, ಹೋಗಬೇಕೆಂದು ನಾನೂ ಹೇಳುವುದಿಲ್ಲ.

ಮನೆಗೆ ಬಂದವರು ಈಗಲೂ ಕೇಳುತ್ತಾರೆ, "ಯಾವಾಗ ಓಡಾಡ್ತಾನಂತೆ?" ನಾನು ಹೇಳುತ್ತೇನೆ, "ಬೆಳಿಗ್ಗೆಯಿಂದ ಓಡಾಡ್ತಾನೇ ಇದ್ದಾನೆ, ಈಗ ತಾನೇ ಪೇಟೆ ಕಡೆ ಹೋದ." ನೀವೂ ಇಂಥವರ ಮನೆಗೆ ಹೋದರೆ ಕಾಲಿನ ಸುದ್ದಿ ಎತ್ತಬೇಡಿ. ಇವತ್ತು ಕೊಬ್ಬರಿ ರೇಟು ಎಷ್ಟು ಅಂತ ಕೇಳಿ.