ನಮ್ಮ ಮನೆಗೆ ಬಂದ ಹಳೇ ಟಿಲ್ಲರ್



ಈ ಸಲದ ಗೋಡೆ ಪತ್ರಿಕೆಗೆ ಬೇಸಿಗೆ ರಜೆಯಲ್ಲಿ ನಡೆದ ಒಂದು ನಿಜವಾದ ಸಂಗತಿಯನ್ನು ಬರೆಯಿರಿ ಎಂದು ನಮ್ಮ ಕನ್ನಡ ಗುರುಗಳು ಹೇಳಿದ್ದಾರೆ. ಕೆಲವರು ಹಂಪಿ ನೋಡಿದ್ದು ಬರೆದಿದ್ದಾರೆ. ಕೆಲವರು ಅಜ್ಜಿ ಊರಿಗೆ ಹೋದದ್ದು ಬರೆದಿದ್ದಾರೆ. ನಾನು ಎಲ್ಲಿಗೂ ಹೋಗಲಿಲ್ಲ. ನನ್ನ ರಜೆಯೆಲ್ಲ ನಮ್ಮ ಕಣದಲ್ಲಿಯೇ ಕಳೆಯಿತು. ಅಲ್ಲಿ ನಾವು ಒಂದು ಹಳೇ ಪವರ್ ಟಿಲ್ಲರ್ ರಿಪೇರಿ ಮಾಡಿದೆವು. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ.

ನಮಗೆ ಎರಡೂವರೆ ಎಕರೆ ಹೊಲ ಇದೆ. ಕೆಂದ, ಬಿಳಿಯ ಎಂಬ ಎರಡು ಎತ್ತುಗಳಿದ್ದವು. ಹೋದ ವರ್ಷ ದೀಪಾವಳಿ ಆದ ಮೇಲೆ ಕೆಂದ ಹಗ್ಗ ಹರಿದುಕೊಂಡು ಹೋಗಿ ಹಸಿ ಜೋಳ ಮೇಯ್ದು ಹೊಟ್ಟೆ ಉಬ್ಬರಿಸಿ ಸತ್ತುಹೋಯಿತು. ಡಾಕ್ಟರು ಬರುವಷ್ಟರಲ್ಲಿ ಜೀವ ಇರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಒಂದೇ ಎತ್ತಿನಿಂದ ರಂಟೆ ಹೊಡೆಯಲು ಬರುವುದಿಲ್ಲ, ಕುಂಟೆ ಎಳೆಯಲು ಬರುವುದಿಲ್ಲ, ಬಂಡಿಯೂ ಓಡುವುದಿಲ್ಲ. ಬಿಳಿಯನಿಗೆ ಸರಿಜೋಡಿ ಎತ್ತು ತರಬೇಕೆಂದರೆ ಐವತ್ತು ಸಾವಿರ ಬೇಕು ಎಂದು ಅಪ್ಪ ಸಂತೆಗೆ ಹೋಗಿ ಬಂದು ಹೇಳಿದ. ಹೊಸ ಟಿಲ್ಲರಿಗೆ ಸರಕಾರದ ಸಬ್ಸಿಡಿ ಸಿಗುತ್ತದೆ. ಆದರೂ ನಮ್ಮ ಪಾಲಿನ ಹಣ ನಾವೇ ಕಟ್ಟಬೇಕು, ಅದು ನಮ್ಮ ಹತ್ತಿರ ಇರಲಿಲ್ಲ.

ಕೊನೆಗೆ ಅವ್ವ ತನ್ನ ಬೆಂಡೋಲೆ ಬಿಚ್ಚಿಕೊಟ್ಟಳು. ಅದನ್ನು ಅಡವಿಟ್ಟು ಅಪ್ಪ 35,000 ರೂಪಾಯಿ ತಂದ. ಅವತ್ತಿನಿಂದ ಅವ್ವನ ಕಿವಿಯಲ್ಲಿ ಬೇವಿನ ಕಡ್ಡಿ ಇದೆ.

ಏಪ್ರಿಲ್ ತಿಂಗಳಲ್ಲಿ ಅಪ್ಪ ಹೊಳೆ ಆಚೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಆ ಟಿಲ್ಲರ್ ತಂದ. ನಾಲ್ಕು ವರ್ಷ ಬೇವಿನ ಗಿಡದ ಕೆಳಗೆ ಮಳೆ ಬಿಸಿಲಿಗೆ ನಿಂತಿದ್ದ ಗಾಡಿ ಅದು. ಬಣ್ಣ ಹೋಗಿತ್ತು, ಕಂಪನಿಯ ಹೆಸರೂ ಕಾಣುತ್ತಿರಲಿಲ್ಲ. ಒಂದು ಟಾಯರಿನಲ್ಲಿ ಗಾಳಿ ಇರಲಿಲ್ಲ. ಬಾಡಿಗೆ ಗಾಡಿಯಿಂದ ಇಳಿಸುವಾಗ ನಾಲ್ಕು ಜನ ಹಿಡಿದರು. ಅಜ್ಜ ಕಟ್ಟೆ ಮೇಲೆ ಕುಂತು ನೋಡಿ, “ಏನಪಾ ಇದು, ಗುಜರಿ ಸಾಮಾನು ತಂದಂಗ ಐತಲ್ಲ” ಅಂದ. ಅಪ್ಪ ಏನೂ ಅನ್ನಲಿಲ್ಲ. ಅವ್ವ ಒಂದು ಸಲ ನೋಡಿ ಒಳಗೆ ಹೋದಳು. ಅವಳು ಬೈದಿದ್ದರೇ ಚಲೋ ಇತ್ತು ಅನಿಸಿತು.

ಟಿಲ್ಲರ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಎರಡು ಗಾಲಿಯ ಸಣ್ಣ ಟ್ರ್ಯಾಕ್ಟರ್ ಇದ್ದ ಹಾಗೆ. ಹಿಂದೆ ನಡೆಯುತ್ತ ಎರಡು ಹಿಡಿಕೆ ಹಿಡಿದು ಓಡಿಸಬೇಕು. ಹಿಂದಿನ ಬ್ಲೇಡುಗಳು ಗರಗರ ತಿರುಗಿ ಮಣ್ಣು ಪುಡಿ ಮಾಡುತ್ತವೆ. ಜಪಾನ್ ದೇಶದಲ್ಲಿ ಹೊಲಗಳು ಸಣ್ಣವು. ಅಲ್ಲಿ ಇದನ್ನು ಬಹಳ ಬಳಸಿದರು. ನಮ್ಮ ಕರ್ನಾಟಕದಲ್ಲಿ ವಿ.ಎಸ್.ಟಿ. ಎಂಬ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಜೊತೆ ಸೇರಿ ಟಿಲ್ಲರ್ ಕೆಲಸಕ್ಕೆ ಕೈಹಾಕಿತು. ಗದ್ದೆಯ ಕೆಸರಿನಲ್ಲಿ, ತೋಟದ ಸಾಲುಗಳ ನಡುವೆ, ಟ್ರ್ಯಾಕ್ಟರ್ ತಿರುಗದ ಕಡೆ ಇದು ಹೋಗುತ್ತದೆ. ಬೆಲ್ಟ್ ಬದಲಿಸಿ ಪಂಪಿಗೆ ಹಾಕಿದರೆ ನೀರನ್ನೂ ಎತ್ತುತ್ತದೆ.

ರಿಪೇರಿಗೆ ಅಪ್ಪನ ಗೆಳೆಯ ಮೇಸ್ತ್ರಿ ಕಾಕಾ ಬಂದರು. ಅವರು ದಿನಾ ಬರಲು ಆಗುತ್ತಿರಲಿಲ್ಲ. ವಾರಕ್ಕೆ ಎರಡು ದಿನ ಬಂದು, ಉಳಿದ ದಿನ ಮಾಡುವ ಕೆಲಸ ನಮಗೆ ಹೇಳಿ ಹೋಗುತ್ತಿದ್ದರು. ನಾನು ಅದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಬೋಲ್ಟು ಎಲ್ಲಿಂದ ಬಿಚ್ಚಿದ್ದು ಎಂದು ಬರೆದು, ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ ಇಡುತ್ತಿದ್ದೆ. “ಹುಡುಗಿ ಕೈಯಾಗ ಪಾನಾ ಯಾಕ ಕೊಟ್ಟಿ” ಎಂದು ಒಬ್ಬರು ಅಪ್ಪನನ್ನು ಕೇಳಿದರು. “ಬರಕಣಾಕಿ ಆಕಿ, ಆಕಿ ಇಲ್ಲಂದ್ರ ತಿರುಗಿ ಜೋಡ್ಸೋದು ಹೆಂಗ?” ಎಂದು ಅಪ್ಪ ಅಂದ. ನನಗೆ ಬಹಳ ಹೆಮ್ಮೆ ಆಯಿತು.

ಮೊದಲ ವಾರ ಬರೀ ತೊಳೆಯುವುದೇ ಆಯಿತು. ಗಾಳಿ ಸೋಸುವ ಡಬ್ಬಿ ಬಿಚ್ಚಿದರೆ ಅದರಲ್ಲಿ ಇಲಿ ಗೂಡು ಕಟ್ಟಿತ್ತು. ಡೀಸೆಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ಅದರಲ್ಲಿ ಸಣ್ಣ ಹರಳು ಮತ್ತು ಸ್ವಲ್ಪ ಡೀಸೆಲ್ ಹಾಕಿ ನಾನೂ ತಮ್ಮನೂ ಗಿಲಿಗಿಲಿ ಅಲ್ಲಾಡಿಸಿದೆವು. ಕೆಂಪು ನೀರಿನಂಥದು ಬಂತು. ಐದು ಸಲ ಹಾಗೆ ಮಾಡಿದ ಮೇಲೆ ಟ್ಯಾಂಕ್ ಸ್ವಚ್ಛ ಆಯಿತು. ಪಿಸ್ಟನ್ ಒಳಗೆ ಹಿಡಿದುಕೊಂಡು ಬಿಟ್ಟಿತ್ತು. ಕಾಕಾ ಅದರೊಳಗೆ ಎಣ್ಣೆ ಬಿಟ್ಟು, “ಮೂರು ದಿನ ಮುಟ್ಟಬ್ಯಾಡ್ರಿ, ಜೋರು ಮಾಡಿದ್ರ ಮುರಿತೈತಿ” ಎಂದರು. ನಾಲ್ಕನೇ ದಿನ ದೊಡ್ಡ ಗಾಲಿಯನ್ನು ಮೆಲ್ಲಗೆ ತಿರುಗಿಸಿದಾಗ ಕರ್ ಎಂದು ಬಿಟ್ಟುಕೊಂಡಿತು. ಆಮೇಲೆ ಅದನ್ನು ಹೊರಗೆ ತೆಗೆದು ಹೊಸ ರಿಂಗು ಹಾಕಿದರು.

ಡೀಸೆಲ್ ಎಂಜಿನ್ನಿಗೆ ಸ್ಕೂಟರಿನ ಹಾಗೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಹಾಗಾದರೆ ಬೆಂಕಿ ಹೇಗೆ ಹತ್ತುತ್ತದೆ ಎಂದು ನಾನು ಕೇಳಿದೆ. ಕಾಕಾ, “ಸೈಕಲ್ ಪಂಪ್ ಹೊಡಿವಾಗ ತುದಿ ಬಿಸಿ ಆಗತೈತಲ್ಲ?” ಎಂದರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಎಂಜಿನ್ನಿನಲ್ಲಿ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತುತ್ತಾರೆ. ಆ ಕಾದ ಗಾಳಿಗೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಸಿಡಿಸಿದಾಗ ತಾನೇ ಹತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದವರು ಜರ್ಮನಿಯ ರುಡಾಲ್ಫ್ ಡೀಸೆಲ್. 1897ರಲ್ಲಿ ಅವರ ಎಂಜಿನ್ ಸರಿಯಾಗಿ ಓಡಿತು. ನಾವು ಎಣ್ಣೆಗೆ ಕರೆಯುವ ಹೆಸರು ಒಬ್ಬ ಮನುಷ್ಯನ ಹೆಸರು ಎಂದು ನಮ್ಮ ವಿಜ್ಞಾನದ ಗುರುಗಳು ಹೇಳಿದಾಗ ಆಶ್ಚರ್ಯ ಆಯಿತು.

ನಮ್ಮ ನಾಝಲ್ ಸಿಡಿಸುತ್ತಿರಲಿಲ್ಲ, ಮೂಗಿನ ಹಾಗೆ ಸೋರುತ್ತಿತ್ತು. ಅದನ್ನು ಪೇಟೆಗೆ ಒಯ್ದು ಸರಿ ಮಾಡಿಸಿಕೊಂಡು ಬಂದರು. ಆಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆಯಬೇಕು. ಸೂಜಿ ಹಾಕುವ ಮೊದಲು ನರ್ಸಮ್ಮ ಸಿರಿಂಜಿನ ಗಾಳಿ ತೆಗೆಯುತ್ತಾರಲ್ಲ, ಹಾಗೆ. ಒಂದು ಬೋಲ್ಟು ಸಡಿಲು ಮಾಡಿದರೆ ಮೊದಲು ಗುಳ್ಳೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಬೇಕು.

ಈಗ ನನ್ನ ತಪ್ಪಿನ ಸಂಗತಿ.

ಎಂಜಿನ್ ಚಾಲೂ ಮಾಡುವ ಹಿಂದಿನ ಸಂಜೆ ಹೊಸ ಆಯಿಲ್ ಹಾಕುವ ಕೆಲಸ ನನಗೆ ಬಂತು. ಮೊದಲು ತಳದ ಬೋಲ್ಟು ಬಿಚ್ಚಿ ಹಳೇ ಆಯಿಲ್ ಇಳಿಸಿದೆ. ಅದು ಡಾಂಬರಿನಂತೆ ಕಪ್ಪಗಿತ್ತು. ಆ ಬೋಲ್ಟಿಗೆ ತಾಮ್ರದ ಒಂದು ತೆಳ್ಳನೆಯ ವಾಷರ್ ಇರುತ್ತದೆ. ತೊಳೆಯುವಾಗ ಅದು ಕೈಯಿಂದ ಜಾರಿ ಹೊಟ್ಟಿನಲ್ಲಿ ಬಿತ್ತು. ಕತ್ತಲಾಗಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅವ್ವ ಊಟಕ್ಕೆ ಕೂಗಿದಳು. ಇಷ್ಟು ದಿನ ಎಲ್ಲ ಸಾಮಾನು ಜೋಪಾನ ಮಾಡಿದವಳು ನಾನು. ಈಗ ಕಳೆದೆ ಎಂದು ಹೇಳಲು ನಾಚಿಕೆ ಆಯಿತು. ವಾಷರ್ ಇಲ್ಲದೆಯೇ ಬೋಲ್ಟು ಬಿಗಿದು ಆಯಿಲ್ ತುಂಬಿ ಸುಮ್ಮನಾದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಾಕಾ ಬಂದು, “ಆಯಿಲ್ ಕಡ್ಡಿ ನೋಡಿದಿ ಏನವ್ವಾ?” ಎಂದು ಕೇಳಿದರು. ನಾನು ನೋಡಿರಲಿಲ್ಲ. ನೋಡಲು ಹೆದರಿಕೆ ಆಗಿತ್ತು. “ಹೂಂ, ನೋಡೀನಿ ಕಾಕಾ” ಎಂದೆ.

ಅವ್ವ ಟಿಲ್ಲರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಅಪ್ಪ ಹ್ಯಾಂಡಲ್ ಹಿಡಿದ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ ಎಂಜಿನ್ ತಿರುಗಿ ಒದ್ದಾಗ ಬೆರಳು ಮುರಿಯುತ್ತದೆ. ಎರಡು ಸಲ ಹೊಡೆದರೂ ಹತ್ತಲಿಲ್ಲ. ಮೂರನೇ ಸಲಕ್ಕೆ ಬಿಳಿ ಹೊಗೆ ಬಿಟ್ಟು ಡಗ್ ಡಗ್ ಡಗ್ ಎಂದು ಶುರುವಾಯಿತು! ಓಣಿಯ ಹುಡುಗರೆಲ್ಲ ಕೇಕೆ ಹಾಕಿದರು. ಅಜ್ಜ ಕಟ್ಟೆಯಿಂದ ಎದ್ದು ಬಂದ. ಅಪ್ಪ ಮುಖ ಒರೆಸಿಕೊಂಡ. ಅದು ಬೆವರೋ ಕಣ್ಣೀರೋ ನನಗೆ ತಿಳಿಯಲಿಲ್ಲ.

ನಾನು ಮಾತ್ರ ಎಂಜಿನ್ನಿನ ಕೆಳಗೆ ನೋಡುತ್ತಿದ್ದೆ. ಅಲ್ಲಿ ಅಂಗೈ ಅಗಲ ಎಣ್ಣೆ ಆಗಿತ್ತು. ಎಂಜಿನ್ ಕಾದ ಹಾಗೆ ಎಣ್ಣೆ ತೆಳ್ಳಗಾಗಿ ಹನಿ ಜೋರಾಯಿತು. ಅವ್ವನ ಕಿವಿಯ ಬೇವಿನ ಕಡ್ಡಿ ಕಂಡಿತು. ನಾನು ಒಮ್ಮೆಲೇ, “ಅಪ್ಪಾ, ನಿಂದ್ರಸು! ನಾ ವಾಷರ್ ಕಳದೇನಿ, ಕಡ್ಡಿ ನೋಡಿಲ್ಲ, ಸುಳ್ಳು ಹೇಳೇನಿ” ಎಂದು ಕೂಗಿದೆ. ಎಲ್ಲರ ಮುಂದೆ ಅಳು ಬಂತು.

ಅಪ್ಪ ನಿಲ್ಲಿಸಿದ. ಕಾಕಾ ಕಡ್ಡಿ ತೆಗೆದು ನೋಡಿದರು. ತುದಿಗೆ ಮಾತ್ರ ಎಣ್ಣೆ ಹತ್ತಿತ್ತು. “ಇನ್ನೊಂದೀಟು ಹೊತ್ತು ಓಡಿದ್ರ ಒಳಗ ಸುಟ್ಟು ಹಿಡಕಂತಿತ್ತು, ಹಾಕಿದ ರೊಕ್ಕೆಲ್ಲ ನೀರಾಗ” ಎಂದರು. ಹುಡುಗರು ಸುಮ್ಮನಾದರು. ಅಪ್ಪ ಹೊಡೆಯುತ್ತಾನೆ ಎಂದುಕೊಂಡೆ. ಅವನು ಹೊಡೆಯಲಿಲ್ಲ. ಗಾಲಿಯ ಪಕ್ಕ ಕುಂತು ಸ್ವಲ್ಪ ಹೊತ್ತಾದ ಮೇಲೆ, “ಆ ವಾಷರ್ ಹತ್ತು ರೂಪಾಯಿದು, ತಂಗೀ. ನಿನ್ನೆ ರಾತ್ರಿ ಹೇಳಿದ್ರ ಇವತ್ತು ಮುಂಜಾನೆ ತರ್ತಿದ್ದೆ” ಎಂದ. ಹೊಡೆದಿದ್ದರೆ ಅದನ್ನು ಮರೆಯುತ್ತಿದ್ದೆನೋ ಏನೋ. ಆ ಮಾತು ಮರೆಯಲು ಆಗುತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ಗಾದೆ ಓದಿದ್ದೆ. ಅದರ ಅರ್ಥ ಅವತ್ತು ತಿಳಿಯಿತು.

ಹೊಸ ವಾಷರ್ ಹಾಕಿ, ಆಯಿಲ್ ತುಂಬಿ, ಮಧ್ಯಾಹ್ನ ಮತ್ತೆ ಚಾಲೂ ಮಾಡಿದೆವು. ಕಾಕಾ ಕಡ್ಡಿ ನೋಡುವ ಕೆಲಸವನ್ನು ತಿರುಗಿ ನನಗೇ ಕೊಟ್ಟರು. ಈಗ ದಿನಾ ಮುಂಜಾನೆ ನಾನೇ ನೋಡುತ್ತೇನೆ. ನೋಡಿದ್ದನ್ನು ಅಪ್ಪನಿಗೂ ತೋರಿಸುತ್ತೇನೆ.

ಖರ್ಚಿನ ಲೆಕ್ಕ ಹೀಗಿದೆ:

ಹಳೇ ಟಿಲ್ಲರ್ – 22,000
ಗಾಡಿ ಬಾಡಿಗೆ – 1,500
ಮೂರು ಬೆಲ್ಟ್ – 1,200
ನಾಝಲ್, ಪಂಪ್ ಕೆಲಸ – 1,400
ಪಿಸ್ಟನ್ ರಿಂಗ್ ಕೆಲಸ – 2,600
ಎಂಜಿನ್ ಮತ್ತು ಗೇರ್ ಆಯಿಲ್ – 1,300
ಬ್ಲೇಡುಗಳು – 2,000
ಪೈಪು, ಫಿಲ್ಟರ್, ವಾಷರ್ – 400
ಮೇಸ್ತ್ರಿ ಕೂಲಿ – 2,500
ಒಟ್ಟು – 34,900 ರೂಪಾಯಿ

ಉಳಿದ ನೂರು ರೂಪಾಯಿಗೆ ಅಪ್ಪ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತಂದ.

ರೋಹಿಣಿ ಮಳೆ ಬಿದ್ದ ಮೇಲೆ ಹೊಲಕ್ಕೆ ಹೋದೆವು. ಟಿಲ್ಲರಿನಲ್ಲಿ ಒಂದು ವಿಚಿತ್ರ ಇದೆ. ಎಡಗೈ ಲಿವರ್ ಹಿಡಿದರೆ ಎಡಗಾಲಿಗೆ ಶಕ್ತಿ ನಿಂತು ಗಾಡಿ ಎಡಕ್ಕೆ ತಿರುಗುತ್ತದೆ. ಆದರೆ ಇಳಿಜಾರಿನಲ್ಲಿ ಇದು ಉಲ್ಟಾ! ಅಲ್ಲಿ ಎಂಜಿನ್ ಗಾಲಿಗಳನ್ನು ತಡೆದು ಹಿಡಿದಿರುತ್ತದೆ. ಬಿಟ್ಟ ಗಾಲಿ ಜೋರಾಗಿ ಉರುಳಿ ಗಾಡಿ ಬಲಕ್ಕೆ ತಿರುಗುತ್ತದೆ. ಗೊತ್ತಿಲ್ಲದವರು ಹಳ್ಳಕ್ಕೆ ಬೀಳುತ್ತಾರೆ. ಬ್ಲೇಡು ತಿರುಗುವಾಗ ಅಪ್ಪ ನಮ್ಮನ್ನು ಹತ್ತಿರ ಬಿಡುವುದಿಲ್ಲ. ನೀವೂ ಹೋಗಬೇಡಿ. ದುಪಟ್ಟಾ, ಟವೆಲ್ಲು ಬೆಲ್ಟಿಗೆ ಸಿಕ್ಕರೆ ಬಹಳ ಕೆಟ್ಟದ್ದು.

ಟಿಲ್ಲರ್ ಹೊಲ ಹದ ಮಾಡಿತು, ಹಿತ್ತಲನ್ನೂ ಪುಡಿ ಮಾಡಿತು. ಆದರೆ ನಮ್ಮ ಕೂರಿಗೆ ಎತ್ತಿನದು, ಬಿತ್ತಲು ಜೋಡಿ ಎತ್ತೇ ಬೇಕು. ಪಕ್ಕದ ಹೊಲದ ದೊಡ್ಡಪ್ಪನ ಮನೆಯಲ್ಲೂ ಒಂದೇ ಎತ್ತು ಇದೆ. ಅಜ್ಜ ಹೋಗಿ ಮಾತಾಡಿ ಬಂದ: “ಅವರ ಹೊಲ ನಮ್ಮ ಟಿಲ್ಲರ್ ಹದ ಮಾಡ್ಲಿ. ಅವರ ಎತ್ತು, ನಮ್ಮ ಬಿಳಿಯ ಕೂಡಿ ಎರಡೂ ಹೊಲ ಬಿತ್ಲಿ. ಮುಯ್ಯಿಗೆ ಮುಯ್ಯಿ.” ಮಿರಗದ ಮಳೆಯ ಹದದಲ್ಲಿ ಎರಡೂ ಮನೆಯ ಮೆಕ್ಕೆಜೋಳ ಬಿತ್ತಿದೆವು. ಬಿಳಿಯನನ್ನು ಮಾರಬೇಕು ಎನ್ನುವ ಮಾತು ನಿಂತಿತು. ಮೊದಲ ದಿನ ಟಿಲ್ಲರ್ ಸಪ್ಪಳಕ್ಕೆ ಬಿಳಿಯ ಹೆದರಿ ಗೂಟ ಕಿತ್ತಿದ್ದ. ಈಗ ಅದರ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಾನೆ.

ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಎರಡು ಎತ್ತು ಮಾಡಿದೆ. ತಮ್ಮ ಅವುಗಳ ಪಕ್ಕ ಮಣ್ಣಿನ ಟಿಲ್ಲರ್ ಮಾಡಿ ಇಟ್ಟ. ಅಜ್ಜ ನಕ್ಕು ಮೂರಕ್ಕೂ ಪೂಜೆ ಮಾಡಿದ.

ಈಗ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿದೆ. ಬೆಳೆ ಮಾರಿದ ಮೇಲೆ ಮೊದಲು ಬೆಂಡೋಲೆ ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದಾನೆ. ಕಳೆದ ವಾಷರ್ ಮೊನ್ನೆ ಕಣ ಗುಡಿಸುವಾಗ ಸಿಕ್ಕಿತು. ಅದನ್ನು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ನೋಡಬೇಕೆಂದವರಿಗೆ ತೋರಿಸುತ್ತೇನೆ.

ಗೆಳೆಯರೇ, ತಪ್ಪು ಎಲ್ಲರೂ ಮಾಡುತ್ತೇವೆ. ಮಾಡಿದ ದಿನವೇ ಹೇಳಿಬಿಟ್ಟರೆ ಹತ್ತು ರೂಪಾಯಿಯಲ್ಲಿ ಮುಗಿಯುತ್ತದೆ. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ಅಕ್ಷರ ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು.

– ಏಳನೇ ತರಗತಿ ವಿದ್ಯಾರ್ಥಿನಿ, ಹೊಳಲು